ಗ್ರಂಥಸೂಚಿಯೂ ಕ್ಷೇತ್ರಕಾರ್ಯವೇ: ಸಮಾಜಶಾಸ್ತ್ರದ ವಿದ್ಯಾರ್ಥಿ ಆಕರಗಳನ್ನು ಓದಬೇಕಾದ ಬಗೆ

ನಮ್ಮ ಕಾಲೇಜುಗಳ ಸಮಾಜಶಾಸ್ತ್ರ ವಿಭಾಗಗಳಲ್ಲಿ ಸಿದ್ಧವಾಗುವ ಸಂಶೋಧನ ಪ್ರಬಂಧಗಳ ಕೊನೆಗೆ ‘ಆಕರ ಗ್ರಂಥಗಳು’ ಎಂಬ ಪುಟ ಇದ್ದೇ ಇರುತ್ತದೆ. ಲೇಖಕರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರು, ವರ್ಷ, ಅಷ್ಟಕ್ಕೆ ಆ ಪುಟ ಮುಗಿಯುತ್ತದೆ. ಪಟ್ಟಿಯಲ್ಲಿರುವ ಯಾವ ಪುಸ್ತಕವನ್ನು ವಿದ್ಯಾರ್ಥಿ ಪೂರ್ತಿ ಓದಿದ, ಯಾವುದರ ಒಂದು ಅಧ್ಯಾಯವನ್ನು ಮಾತ್ರ ನೋಡಿದ, ಯಾವುದರ ಮಾತನ್ನು ಒಪ್ಪಿದ, ಯಾವುದನ್ನು ಒಪ್ಪದೆ ಬಿಟ್ಟ ಎಂಬುದು ಆ ಪುಟದಿಂದ ತಿಳಿಯುವುದಿಲ್ಲ. ಟಿಪ್ಪಣಿ ಸಹಿತ ಗ್ರಂಥಸೂಚಿ ಈ ಕೊರತೆಯನ್ನು ತುಂಬುವ ಬರವಣಿಗೆ. ಪ್ರತಿ ಆಕರದ ವಿವರದ ಕೆಳಗೆ ಸಾಮಾನ್ಯವಾಗಿ 100ರಿಂದ 200 ಪದಗಳಲ್ಲಿ ಆ ಕೃತಿ ಏನು ವಾದಿಸುತ್ತದೆ, ಯಾವ ಸಾಕ್ಷ್ಯದ ಮೇಲೆ ವಾದಿಸುತ್ತದೆ, ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಕೈಯಲ್ಲಿರುವ ಪ್ರಶ್ನೆಗೆ ಅದು ಹೇಗೆ ಒದಗುತ್ತದೆ ಎಂದು ಬರೆಯಬೇಕಾಗುತ್ತದೆ. ಅಮೆರಿಕ, ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಇದು ಪ್ರಬಂಧಕ್ಕೆ ಮುಂಚಿನ ಅಭ್ಯಾಸವಾಗಿ ಬಹುಕಾಲದಿಂದ ನಡೆದುಬಂದಿದೆ. ನಮ್ಮಲ್ಲಿ ಅದನ್ನು ಕೇಳುವ ಅಧ್ಯಾಪಕರಿದ್ದರೂ ಅದೊಂದು ಯಾಂತ್ರಿಕ ಕೆಲಸ ಎಂಬ ಭಾವನೆಯೇ ಹೆಚ್ಚು. ಈ ಲೇಖನದ ವಾದ ಅದಕ್ಕೆ ವಿರುದ್ಧವಾದುದು. ಪುಸ್ತಕಗಳೂ ಸಮಾಜದೊಳಗೇ ಹುಟ್ಟುತ್ತವೆ. ಯಾರೋ ಒಬ್ಬರು, ಯಾವುದೋ ಕಾಲದಲ್ಲಿ, ಯಾವುದೋ ಮನೆಯ ಜಗಲಿಯ ಮೇಲೆ ಕುಳಿತು ಕೇಳಿದ್ದನ್ನು ಯಾರಿಗಾಗಿಯೋ ಬರೆದಿರುತ್ತಾರೆ. ಇದನ್ನು ಗುರುತಿಸುವುದು ಸಮಾಜಶಾಸ್ತ್ರದ ಕೆಲಸವೇ ಆದ್ದರಿಂದ ಟಿಪ್ಪಣಿ ಸಹಿತ ಗ್ರಂಥಸೂಚಿ ಸಂಶೋಧನೆಯ ಮೊದಲ ಕ್ಷೇತ್ರಕಾರ್ಯ.

ಮೊದಲು ಈ ಬರವಣಿಗೆಯ ಎಲ್ಲೆಯನ್ನು ಗುರುತಿಸಿಕೊಳ್ಳೋಣ. ಗ್ರಂಥಸೂಚಿಯ ಟಿಪ್ಪಣಿಗಳಲ್ಲಿ ಮೂರು ಬಗೆಯನ್ನು ಹೇಳುವುದುಂಟು. ಕೃತಿಯ ವಿಷಯವ್ಯಾಪ್ತಿಯನ್ನಷ್ಟೇ ಸೂಚಿಸುವುದು ಒಂದು. ಅದರ ವಾದ ಮತ್ತು ತೀರ್ಮಾನಗಳ ಸಾರವನ್ನು ಕೊಡುವುದು ಎರಡನೆಯದು. ಆ ವಾದವನ್ನು ತೂಗಿ ಬೆಲೆಕಟ್ಟುವುದು ಮೂರನೆಯದು. ಕಾಲೇಜು ಮಟ್ಟದಲ್ಲಿ ಮೊದಲ ಎರಡನ್ನು ಮಾಡಿ ನಿಲ್ಲಿಸುವುದು ರೂಢಿ. ಆದರೆ ಮೊದಲ ಬಗೆಯ ಮಾಹಿತಿ ಗ್ರಂಥಾಲಯದ ಸೂಚಿಯಲ್ಲೇ ಸಿಗುತ್ತದೆ, ಎರಡನೆಯದು ಪುಸ್ತಕದ ಬೆನ್ನುಪುಟದಲ್ಲೋ ಲೇಖನದ ಸಾರಾಂಶದಲ್ಲೋ ಸಿಗುತ್ತದೆ. ವಿದ್ಯಾರ್ಥಿ ತಾನೇ ಮಾಡಬೇಕಾದದ್ದು ಮೂರನೆಯದು. ಸಾಹಿತ್ಯ ಸಮೀಕ್ಷೆಗೂ ಇದಕ್ಕೂ ವ್ಯತ್ಯಾಸವಿದೆ. ಸಮೀಕ್ಷೆಯಲ್ಲಿ ಹತ್ತಾರು ಕೃತಿಗಳು ಒಂದು ವಾದದ ದಾರದಲ್ಲಿ ಸೇರಿಕೊಳ್ಳುತ್ತವೆ, ಅಲ್ಲಿ ಯಾವುದೇ ಒಂದು ಕೃತಿಗೆ ಪ್ರತ್ಯೇಕ ಜಾಗವಿಲ್ಲ. ಗ್ರಂಥಸೂಚಿಯಲ್ಲಿ ಪ್ರತಿ ಕೃತಿಯೂ ಒಂಟಿಯಾಗಿ ನಿಂತು ಉತ್ತರ ಕೊಡಬೇಕು. ಹೀಗೆ ಒಂದೊಂದನ್ನೇ ವಿಚಾರಿಸದೆ ನೇರವಾಗಿ ಸಮೀಕ್ಷೆಗೆ ಇಳಿದರೆ, ಕೃತಿಗಳ ಹೆಸರುಗಳು ವಾಕ್ಯಗಳ ತುದಿಯಲ್ಲಿ ಅಲಂಕಾರಕ್ಕೆ ಉಳಿಯುತ್ತವೆ.

ಓದದೆಯೇ ಉಲ್ಲೇಖಿಸುವ ಅಭ್ಯಾಸ ವಿದ್ಯಾರ್ಥಿಗಳಿಗೆ ಮಾತ್ರ ಅಂಟಿದ್ದಲ್ಲ ಎನ್ನುವುದಕ್ಕೆ ಆಧಾರವಿದೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದ ಮಿಖಾಯಿಲ್ ಸಿಮ್ಕಿನ್ ಮತ್ತು ವ್ವಾನಿ ರಾಯ್‌ಚೌಧುರಿ 2003ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವೈಜ್ಞಾನಿಕ ಬರಹಗಳ ಉಲ್ಲೇಖಗಳಲ್ಲಿನ ಅಚ್ಚಿನ ತಪ್ಪುಗಳನ್ನು ಬೆನ್ನಟ್ಟಿದರು. ಪುಟಸಂಖ್ಯೆಯದೋ ಸಂಪುಟದ್ದೋ ಒಂದೇ ತಪ್ಪು ಲೇಖನದಿಂದ ಲೇಖನಕ್ಕೆ ಹಾಗೆಯೇ ಸಾಗಿ ಬಂದಿದ್ದರೆ, ನಂತರದವರು ಮೂಲವನ್ನು ತೆರೆಯದೆ ಹಿಂದಿನವರ ಪಟ್ಟಿಯಿಂದ ಎತ್ತಿಕೊಂಡಿದ್ದಾರೆ ಎಂದೇ ಅರ್ಥ. ಆ ಲೆಕ್ಕದಿಂದ ಅವರು ಮಾಡಿದ ಅಂದಾಜು, ಉಲ್ಲೇಖಿಸುವವರಲ್ಲಿ ಸುಮಾರು 20% ಜನ ಮಾತ್ರ ಮೂಲವನ್ನು ಓದಿರುತ್ತಾರೆ ಎಂಬುದು. ಅಂದಾಜಿನ ನಿಖರತೆಯ ಬಗ್ಗೆ ವಾದ ಮಾಡಬಹುದು, ಆದರೆ ತಪ್ಪು ನಕಲಾಗುತ್ತ ಹೋಗುವ ದಾರಿಯಂತೂ ಸ್ಪಷ್ಟವಾಗಿದೆ. ನಮ್ಮ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2018ರಲ್ಲಿ ಕೃತಿಚೌರ್ಯ ತಡೆಗೆ ನಿಯಮಾವಳಿ ತಂದಿತು. ಹೋಲಿಕೆ 10% ಒಳಗಿದ್ದರೆ ದಂಡವಿಲ್ಲ, ಅದಕ್ಕೂ ಮೇಲೆ 40, 60 ಎಂದು ಹಂತಗಳು. ಪದಗಳ ಕಳವನ್ನು ಈ ಅಳತೆಗೋಲು ಹಿಡಿಯುತ್ತದೆ, ಓದದೆ ಮಾಡಿದ ಉಲ್ಲೇಖವನ್ನು ಹಿಡಿಯುವುದಿಲ್ಲ. ಲೇಖಕರು ಹೇಳಿದ್ದಕ್ಕೆ ತೀರ ವಿರುದ್ಧವಾದುದನ್ನು ಅವರ ಹೆಸರಿನಲ್ಲಿ ಬರೆದರೂ ತಂತ್ರಾಂಶ ಸುಮ್ಮನಿರುತ್ತದೆ. ಅಂಥದ್ದನ್ನು ಕಂಡುಹಿಡಿಯಲು ಒಂದೊಂದು ಆಕರದ ಬಗ್ಗೆಯೂ ವಿದ್ಯಾರ್ಥಿಯ ಸ್ವಂತ ಮಾತನ್ನು ಕೇಳುವುದೇ ದಾರಿ.

ವಾದವನ್ನು ಗಾಳಿಯಲ್ಲಿ ನಿಲ್ಲಿಸದಿರಲು ಒಂದು ನಿಜವಾದ ವಿಷಯವನ್ನೇ ತೆಗೆದುಕೊಳ್ಳೋಣ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪ್ರಬಲ ಜಾತಿಯ ಹಿಡಿತ ಹೇಗೆ ಬದಲಾಯಿತು ಎಂಬುದು ಪ್ರಬಂಧದ ಪ್ರಶ್ನೆ ಎಂದಿಟ್ಟುಕೊಳ್ಳೋಣ. ಇಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಹೆಸರಿಲ್ಲದೆ ಪಟ್ಟಿ ಆರಂಭವಾಗದು. ಪಠ್ಯಪುಸ್ತಕಗಳು ಅವರ ‘ಪ್ರಬಲ ಜಾತಿ’, ‘ಸಂಸ್ಕೃತೀಕರಣ’ ಎಂಬ ಎರಡು ಪರಿಕಲ್ಪನೆಗಳನ್ನು ಒಂದೊಂದು ವಾಕ್ಯದ ವ್ಯಾಖ್ಯೆಯಾಗಿ ಕೊಡುತ್ತವೆ, ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ. ಗ್ರಂಥಸೂಚಿಗೆ ಸಾಲದು. ‘ಪ್ರಬಲ ಜಾತಿ’ಯ ವಿಚಾರವನ್ನು ಅವರು ಮೆಕಿಮ್ ಮ್ಯಾರಿಯಟ್ ಸಂಪಾದಿಸಿದ ‘ವಿಲೇಜ್ ಇಂಡಿಯಾ’ ಸಂಕಲನದ (1955) ಲೇಖನದಲ್ಲಿ ಮುಂದಿಟ್ಟಾಗ ಜನಸಂಖ್ಯೆ, ಆರ್ಥಿಕ ಮತ್ತು ರಾಜಕೀಯ ಬಲ, ಆಚರಣೆಯ ಶ್ರೇಣಿಯಲ್ಲಿ ತೀರ ಕೆಳಗಿರದ ಸ್ಥಾನ ಎಂಬ ಗುಣಗಳನ್ನು ಹೇಳಿದರು. 1959ರಲ್ಲಿ ‘ಅಮೆರಿಕನ್ ಆಂತ್ರೊಪಾಲಜಿಸ್ಟ್’ ಪತ್ರಿಕೆಯಲ್ಲಿ ತಾವು ಅಧ್ಯಯನ ಮಾಡಿದ ಹಳ್ಳಿ ರಾಂಪುರದ ಪ್ರಬಲ ಜಾತಿಯ ಬಗ್ಗೆ ಬರೆದಾಗ ಪಾಶ್ಚಾತ್ಯ ಶಿಕ್ಷಣ ಮತ್ತು ಅದರಿಂದ ಬರುವ ಉದ್ಯೋಗಗಳೂ ಪ್ರಾಬಲ್ಯದ ಮೂಲಗಳಾಗುತ್ತಿರುವುದನ್ನು ಸೇರಿಸಿದರು. ನಾಲ್ಕು ವರ್ಷಗಳ ಅಂತರದಲ್ಲಿ ಪರಿಕಲ್ಪನೆಯೇ ಹಿಗ್ಗಿದೆ. ಯಾವ ವರ್ಷದ ಲೇಖನವನ್ನು ಓದಿದ್ದೇನೆ ಎಂದು ಬರೆದುಕೊಳ್ಳದ ವಿದ್ಯಾರ್ಥಿ, ಹೊಲದಿಂದ ಬಂದ ಅಧಿಕಾರಕ್ಕೂ ಶಾಲೆಯಿಂದ ಬಂದ ಅಧಿಕಾರಕ್ಕೂ ನಡುವಿನ ವ್ಯತ್ಯಾಸವನ್ನು ಕಳೆದುಕೊಳ್ಳುತ್ತಾನೆ. ಆ ವ್ಯತ್ಯಾಸವೇ ಅವನ ಪ್ರಬಂಧದ ಪ್ರಶ್ನೆ.

‘ಸಂಸ್ಕೃತೀಕರಣ’ದ ಕತೆಯೂ ಹೀಗೆಯೇ. 1952ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾದ ಕೊಡವರ ಧರ್ಮ ಮತ್ತು ಸಮಾಜದ ಅಧ್ಯಯನದಲ್ಲಿ ಶ್ರೀನಿವಾಸ್ ಇದನ್ನು ಬಹುಮಟ್ಟಿಗೆ ಬ್ರಾಹ್ಮಣರ ಆಚಾರವಿಚಾರಗಳ ಅನುಕರಣೆಯಾಗಿ ಕಂಡರು. 1966ರ ‘ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯಾ’ದಲ್ಲಿ ಮಾದರಿ ಬ್ರಾಹ್ಮಣರೇ ಆಗಬೇಕಿಲ್ಲ, ಯಾವುದೇ ಮೇಲಿನ ಜಾತಿ, ಅದರಲ್ಲೂ ದ್ವಿಜ ಜಾತಿ ಆಗಬಹುದು ಎಂದು ವಿಸ್ತರಿಸಿದರು. ಪಕ್ಕದಲ್ಲೇ ಇನ್ನೊಂದು ಆಕರವನ್ನು ಇಟ್ಟು ನೋಡಬೇಕು. ಬಿ.ಆರ್. ಅಂಬೇಡ್ಕರ್ 1916ರ ಮೇ ತಿಂಗಳಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಮಂಡಿಸಿ, ಮರುವರ್ಷ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಾದ ಜಾತಿಯ ಉಗಮ ಕುರಿತ ಪ್ರಬಂಧದಲ್ಲಿ, ಫ್ರೆಂಚ್ ಸಮಾಜಶಾಸ್ತ್ರಜ್ಞ ಗೇಬ್ರಿಯಲ್ ಟಾರ್ಡ್‌ನ ಅನುಕರಣೆಯ ನಿಯಮಗಳನ್ನು ಆಧರಿಸಿ, ಒಳವಿವಾಹದ ಪದ್ಧತಿ ಬ್ರಾಹ್ಮಣರಿಂದ ಇತರರಿಗೆ ಹೇಗೆ ಹರಡಿತೆಂದು ವಾದಿಸಿದ್ದರು. ಈ ಪ್ರಬಂಧಕ್ಕೂ 1952ರ ಅಧ್ಯಯನಕ್ಕೂ ನಡುವೆ 36 ವರ್ಷಗಳ ಅಂತರವಿದೆ. ಇಬ್ಬರೂ ಅನುಕರಣೆಯನ್ನು ಹೇಳುತ್ತಾರೆ, ಆದರೆ ಒಬ್ಬರಿಗೆ ಅದು ಮೇಲೇರುವ ಮೆಟ್ಟಿಲು, ಇನ್ನೊಬ್ಬರಿಗೆ ಬಾಗಿಲು ಮುಚ್ಚಿಕೊಳ್ಳುವ ಯಂತ್ರ. ಅಕಾರಾದಿ ಪಟ್ಟಿಯಲ್ಲಿ ಈ ಎರಡು ಕೃತಿಗಳು ದೂರದೂರ ಕುಳಿತಿರುತ್ತವೆ. ಟಿಪ್ಪಣಿ ಬರೆಯುವಾಗ ಮಾತ್ರ ಅವು ಎದುರುಬದುರಾಗಿ, ಪ್ರಬಂಧಕ್ಕೆ ಬೇಕಾದ ಪ್ರಶ್ನೆ ಹುಟ್ಟುತ್ತದೆ: ಅನುಕರಣೆಯಿಂದ ಜಾತಿಯೊಂದರ ಸ್ಥಾನ ಬದಲಾಗುತ್ತದೆಯೇ, ಅಥವಾ ಜಾತಿಯ ಗೋಡೆ ಇನ್ನಷ್ಟು ಗಟ್ಟಿಯಾಗುತ್ತದೆಯೇ?

ಒಂದು ಕೃತಿ ಹೇಗೆ ತಯಾರಾಯಿತು ಎಂಬುದನ್ನು ಟಿಪ್ಪಣಿ ಹೇಳಲೇಬೇಕು ಎಂಬುದಕ್ಕೆ ‘ದಿ ರಿಮೆಂಬರ್ಡ್ ವಿಲೇಜ್’ಗಿಂತ (1976) ಒಳ್ಳೆಯ ನಿದರ್ಶನ ಸಿಗಲಾರದು. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ಇದ್ದು ಅಧ್ಯಯನ ಮಾಡಿದರು, ಅದಕ್ಕೆ ರಾಂಪುರ ಎಂಬ ಗುಪ್ತನಾಮ ಕೊಟ್ಟರು. ಆ ಮಾಹಿತಿಯನ್ನು ವರ್ಷಗಟ್ಟಲೆ ಸಂಸ್ಕರಿಸಿ ಮಾಡಿಕೊಂಡ ಟಿಪ್ಪಣಿಗಳ ಮೂರೂ ಪ್ರತಿಗಳು 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನ ಉನ್ನತ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದವು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ನೆನಪಿನಿಂದಲೇ ಬರೆಯಿರಿ ಎಂದು ಪ್ರೇರೇಪಿಸಿದರು. ಹೀಗಾಗಿ 1948ರ ಹಳ್ಳಿ ನಮಗೆ ಎರಡು ದಶಕಗಳ ನಂತರದ ನೆನಪಿನ ಮೂಲಕ ಬಂದಿದೆ. ಇದರಿಂದ ಕೃತಿಯ ಬೆಲೆ ಕುಗ್ಗುವುದಿಲ್ಲ. ಪಟೇಲರ ಗತ್ತು, ಹೊಲದ ಜಗಳ, ಪಂಚಾಯ್ತಿಯ ಮಾತಿನ ವರಸೆ ಇವುಗಳಲ್ಲಿ ಆ ಪುಸ್ತಕಕ್ಕಿರುವ ಕಸುವು ಎಷ್ಟೋ ಅಂಕಿಅಂಶಗಳ ಅಧ್ಯಯನಗಳಿಗಿಲ್ಲ. ಆದರೆ ಜಮೀನಿನ ಹಿಡುವಳಿಯ ನಿಖರ ಪ್ರಮಾಣಕ್ಕೆ ಅದನ್ನು ಆಧಾರ ಮಾಡಿಕೊಳ್ಳುವುದು ತಪ್ಪಾಗುತ್ತದೆ. ಯಾವುದಕ್ಕೆ ನಂಬಬೇಕು, ಯಾವುದಕ್ಕೆ ನಂಬಬಾರದು ಎಂಬ ಈ ಗೆರೆ ಎಳೆಯುವುದೇ ಬೆಲೆಕಟ್ಟುವ ಟಿಪ್ಪಣಿಯ ಹೃದಯ.

ಇಲ್ಲಿಂದ ಮುಂದಿನ ಪ್ರಶ್ನೆ ಲೇಖಕರ ಸಾಮಾಜಿಕ ನೆಲೆಯದು. ಬ್ರಿಟಿಷ್ ಮಾನವಶಾಸ್ತ್ರಜ್ಞ ಎಡ್ಮಂಡ್ ಲೀಚ್ 1963ರಲ್ಲಿ ಶ್ರೀನಿವಾಸ್ ಅವರ ಲೇಖನ ಸಂಕಲನವನ್ನು ವಿಮರ್ಶಿಸುತ್ತ, ಅವರ ದೃಷ್ಟಿ ಬ್ರಾಹ್ಮಣಕೇಂದ್ರಿತವಾಗಿದೆ, ಅವರು ಶೂದ್ರರಾಗಿದ್ದರೆ ವಿವರಣೆ ಬೇರೆಯಾಗುತ್ತಿತ್ತೇ ಎಂದು ಕೇಳಿದರು. ಶ್ರೀನಿವಾಸ್ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. 1966ರ ಪುಸ್ತಕದಲ್ಲಿ ತನ್ನದೇ ಸಮಾಜವನ್ನು ಅಧ್ಯಯನ ಮಾಡುವ ಸಮಸ್ಯೆಯನ್ನು ಪ್ರತ್ಯೇಕವಾಗಿ ಚರ್ಚಿಸಿದರು, ರಾಂಪುರದ ಪುಸ್ತಕದಲ್ಲಿ ತಮ್ಮದು ಮೇಲ್ಜಾತಿಯ ನೋಟ ಎಂದು ತಾವೇ ಒಪ್ಪಿಕೊಂಡರು. ಹೀಗೆ ಲೇಖಕರ ನೆಲೆಯನ್ನು ಕೇಳುವುದಕ್ಕೆ ಬರುವ ಆಕ್ಷೇಪ ಗಂಭೀರವಾದುದು. ವಾದವನ್ನು ಬಿಟ್ಟು ವಾದಿಸಿದವನ ಜಾತಿಯನ್ನು ಹುಡುಕುವುದು ತರ್ಕದೋಷವಲ್ಲವೇ, ಹುಟ್ಟಿನಿಂದ ವಿದ್ವತ್ತನ್ನು ಅಳೆಯಲು ಇದು ಹಾದಿಯಲ್ಲವೇ ಎಂದು ಕೇಳುವವರಿದ್ದಾರೆ. ಲೇಖಕರು ಇಂಥವರು, ಆದ್ದರಿಂದ ಹೇಳಿದ್ದು ಸುಳ್ಳು ಎಂದು ಟಿಪ್ಪಣಿ ಬರೆದರೆ ಆಕ್ಷೇಪ ಸರಿಯೇ. ಆದರೆ ನೆಲೆಯ ಪ್ರಶ್ನೆ ಕೇಳುವುದು ಸತ್ಯಾಸತ್ಯದ ತೀರ್ಪು ಕೊಡಲಿಕ್ಕಲ್ಲ, ಸಾಕ್ಷ್ಯದ ವ್ಯಾಪ್ತಿಯನ್ನು ಅರಿಯಲಿಕ್ಕೆ. ಯಾವ ಬೀದಿಯವರೊಡನೆ ಸಂಶೋಧಕನಿಗೆ ಮಾತು ಸಲೀಸಾಗಿತ್ತು, ಯಾವ ಕೇರಿಗೆ ಹೋಗಲು ಆಗಲಿಲ್ಲ, ಹೆಂಗಸರೊಡನೆ ಮಾತಾಡುವ ಅವಕಾಶ ಎಷ್ಟಿತ್ತು ಎಂಬಿವು ಮಾದರಿ ಆಯ್ಕೆಯ ಪ್ರಶ್ನೆಗಳು. ಸಂಖ್ಯಾಶಾಸ್ತ್ರದ ಅಧ್ಯಯನದಲ್ಲಿ ಮಾದರಿ ಹೇಗೆ ಆರಿಸಿದಿರಿ ಎಂದು ಕೇಳುವುದನ್ನು ಯಾರೂ ವ್ಯಕ್ತಿನಿಂದೆ ಎನ್ನುವುದಿಲ್ಲ. ಇದೂ ಅದೇ ಜಾತಿಯ ಪ್ರಶ್ನೆ.

ಒಳ್ಳೆಯ ಟಿಪ್ಪಣಿಗೂ ಕಾಟಾಚಾರದ ಟಿಪ್ಪಣಿಗೂ ಇರುವ ಅಂತರವನ್ನು ಒಂದೇ ಪುಸ್ತಕದಲ್ಲಿ ತೋರಿಸಬಹುದು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳ ಬಗ್ಗೆ ಬರೆದ ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಷಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’ (1962) ನಮ್ಮ ಪ್ರಶ್ನೆಗೆ ಅತಿ ಹತ್ತಿರದ ಕೃತಿ. ಈ ಪುಸ್ತಕ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ಬದಲಾವಣೆಯನ್ನು ವಿವರವಾಗಿ ಚರ್ಚಿಸುತ್ತದೆ, ನನ್ನ ಅಧ್ಯಯನಕ್ಕೆ ಬಹಳ ಉಪಯುಕ್ತವಾಗಿದೆ ಎಂಬ ಟಿಪ್ಪಣಿಯನ್ನು ಪುಸ್ತಕದ ಹೆಸರು ತಿಳಿದ ಯಾರು ಬೇಕಾದರೂ ಬರೆಯಬಹುದು. ಓದಿದವರು ಹೀಗೆ ಬರೆದಾರು: ‘1954ರಿಂದ 1956ರವರೆಗೆ ನಡೆಸಿದ ಕ್ಷೇತ್ರಕಾರ್ಯದ ಆಧಾರದ ಮೇಲೆ ಎರಡು ಹಳ್ಳಿಗಳ ಹೋಲಿಕೆ. ವಾಂಗಲಕ್ಕೆ ನಾಲೆಯ ನೀರು ಬಂದು ಕಬ್ಬು ಬೆಳೆಯಿತು, ಬೇಸಾಯವೇ ಬಲಗೊಂಡದ್ದರಿಂದ ಹಳೆಯ ಜಾತಿ ಸಂಬಂಧಗಳು ಬಹುಪಾಲು ಉಳಿದವು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿದ್ದು ನೀರು ಹತ್ತಲಿಲ್ಲ, ಅಲ್ಲಿಯವರು ಹೊರಗಿನ ಕಸುಬು, ವ್ಯಾಪಾರ, ನೌಕರಿಗಳಿಗೆ ಇಳಿದದ್ದರಿಂದ ಸಾಮಾಜಿಕ ಬದಲಾವಣೆ ಹೆಚ್ಚಾಯಿತು. ನೀರಾವರಿ ಬಂದರೆ ಸಮಾಜ ಬದಲಾಗುತ್ತದೆ ಎಂಬ ಸರಳ ನಂಬಿಕೆಯನ್ನು ಕೃತಿ ಅಲುಗಾಡಿಸುತ್ತದೆ. ಮನೆವಾರು ಆದಾಯ ವೆಚ್ಚದ ಲೆಕ್ಕ ಇದರ ಬಲ. ಎರಡೇ ಹಳ್ಳಿಗಳಿಂದ ಇಡೀ ಪ್ರದೇಶಕ್ಕೆ ತೀರ್ಮಾನ ಹಬ್ಬಿಸುವುದು ಕಷ್ಟ. 1974ರ ಭೂಸುಧಾರಣೆಗೆ ಮುಂಚಿನದಾದ್ದರಿಂದ ಗೇಣಿ ಸಂಬಂಧಗಳಿಗೆ ಇದನ್ನು ಹಿಂದಿನ ಚಿತ್ರವಾಗಿ ಮಾತ್ರ ಬಳಸುವೆ.’ ಈ ಟಿಪ್ಪಣಿಯಲ್ಲಿ ವಿಧಾನ, ವಾದ, ಬಲ, ಮಿತಿ, ಬಳಕೆ ಐದೂ ಇವೆ. ಮೇಲಾಗಿ ಇದು ಮುಂದಿನ ಓದಿಗೆ ದಾರಿ ತೋರುತ್ತದೆ. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದು 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. 1998ರ ‘ವಿಲೇಜ್ ವಾಯ್ಸಸ್’ನಲ್ಲಿ ಸೂರ್ಯನಾರಾಯಣ ಮತ್ತು ತಿಮ್ಮೇಗೌಡ ಸಹಲೇಖಕರಾಗಿ ಕಾಣಿಸಿಕೊಂಡರು. ವಿದೇಶಿ ವಿದ್ವಾಂಸೆಯ ಒಂಟಿ ಹೆಸರಿನಿಂದ ಇಲ್ಲಿಯವರ ಹೆಸರುಗಳೂ ಸೇರಿದ ಮುಖಪುಟದವರೆಗಿನ ಈ ಚಲನೆಯೂ ಟಿಪ್ಪಣಿಯಲ್ಲಿ ದಾಖಲಾಗಬೇಕಾದ ಸಂಗತಿ.

ಪುಸ್ತಕಗಳಷ್ಟೇ ಆಕರಗಳಲ್ಲ, ಎಲ್ಲ ಆಕರಗಳಿಗೂ ಒಂದೇ ಅಳತೆಗೋಲು ಸಲ್ಲುವುದಿಲ್ಲ. ಎಚ್.ವಿ. ನಂಜುಂಡಯ್ಯ ಆರಂಭಿಸಿ ಎಲ್.ಕೆ. ಅನಂತಕೃಷ್ಣ ಅಯ್ಯರ್ ಮುಗಿಸಿದ, 1928 ಮತ್ತು 1935ರ ನಡುವೆ ಮೈಸೂರು ವಿಶ್ವವಿದ್ಯಾಲಯ ನಾಲ್ಕು ಸಂಪುಟಗಳಲ್ಲಿ ಹೊರತಂದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ವಿವರಣೆ ಇಂದಿಗೂ ಸಂಶೋಧಕರ ಕೈಗೆ ಮೊದಲು ಬರುವ ಗ್ರಂಥ. ಮದುವೆ, ಸಾವು, ಕುಲಕಟ್ಟಳೆಗಳ ಮಾಹಿತಿ ಅಲ್ಲಿ ರಾಶಿಯಾಗಿದೆ. ಆದರೆ ಆ ಯೋಜನೆ ವಸಾಹತು ಸರಕಾರದ ಜನಾಂಗ ಸಮೀಕ್ಷೆಯ ಕೂಸು. ಒಂದು ಜಾತಿಗೆ ಒಂದು ಅಧ್ಯಾಯ, ಒಂದು ಸ್ವಭಾವ ಎಂಬ ಅದರ ಕಟ್ಟೇ ಜಾತಿಗಳನ್ನು ನಿಂತ ನೀರಾಗಿ ತೋರಿಸುತ್ತದೆ. ಸರಕಾರಿ ವರದಿಗಳ ಗುಣ ಬೇರೆ. ಹಿಂದುಳಿದ ವರ್ಗಗಳ ಪ್ರಾತಿನಿಧ್ಯ ಕುರಿತು 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯ ವರದಿಯಾಗಲಿ, 1975ರ ಹಾವನೂರು ಆಯೋಗದ ವರದಿಯಾಗಲಿ ಕೇವಲ ಮಾಹಿತಿಯ ಕಣಜಗಳಲ್ಲ. ಅವು ವರ್ಗಗಳನ್ನು ವಿಂಗಡಿಸಿ ತಾವೇ ಚರಿತ್ರೆಯನ್ನು ಬದಲಿಸಿದ ದಾಖಲೆಗಳು. ಜಾತಿವಾರು ಅಂಕಿಗಳಿಗೆ 1931ರ ಜನಗಣತಿಯನ್ನು ಇಂದಿಗೂ ಉಲ್ಲೇಖಿಸುತ್ತಾರೆ, ಅದರ ನಂತರ ಎಲ್ಲ ಜಾತಿಗಳ ಪೂರ್ಣ ಎಣಿಕೆಯ ಅಂಕಿಗಳು ರಾಷ್ಟ್ರಮಟ್ಟದ ಜನಗಣತಿಯಲ್ಲಿ ಪ್ರಕಟವಾಗಿಲ್ಲ. ಸುಮಾರು ಒಂದು ಶತಮಾನ ಹಳೆಯ ಅಂಕಿಯನ್ನು ಇಂದಿನ ವಾಸ್ತವವೆಂದು ಬಳಸುವ ಪ್ರಬಂಧಕ್ಕೂ, ಅದರ ವಯಸ್ಸನ್ನು ಟಿಪ್ಪಣಿಯಲ್ಲಿ ಬರೆದು ಎಚ್ಚರದಿಂದ ಬಳಸುವ ಪ್ರಬಂಧಕ್ಕೂ ಅಜಗಜಾಂತರವಿದೆ.

ಕನ್ನಡದ ಆಕರಗಳ ವಿಚಾರಕ್ಕೆ ಬಂದರೆ ನಮ್ಮ ಗ್ರಂಥಸೂಚಿಗಳ ದೊಡ್ಡ ಬಿರುಕು ಕಾಣುತ್ತದೆ. ಕರ್ನಾಟಕದ ಹಳ್ಳಿಯ ಬಗ್ಗೆ ಬರೆದ ಪ್ರಬಂಧದ ಪಟ್ಟಿಯಲ್ಲಿ ಇಂಗ್ಲಿಷ್ ಪುಸ್ತಕಗಳೇ ತುಂಬಿ, ಕನ್ನಡದ್ದು ಒಂದೆರಡು ಪಠ್ಯಪುಸ್ತಕಗಳಿಗೆ ನಿಲ್ಲುವುದನ್ನು ಕಾಣುತ್ತೇವೆ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994) ಅಸ್ಪೃಶ್ಯತೆಯ ದಿನನಿತ್ಯದ ನಡವಳಿಕೆಯನ್ನು ಒಳಗಿನಿಂದ ಹೇಳುವ ಆತ್ಮಕಥನ. ಪ್ರಬಲ ಜಾತಿಯ ಹಿಡಿತವೆಂದರೆ ಏನೆಂಬುದನ್ನು ಅದಕ್ಕೆ ಗುರಿಯಾದವರ ಕಡೆಯಿಂದ ಹೇಳುವ ಇಂಥ ಬರಹ ಹಳ್ಳಿ ಅಧ್ಯಯನಗಳು ಮುಟ್ಟದ ಮೂಲೆಗಳನ್ನು ಮುಟ್ಟುತ್ತದೆ. ಆತ್ಮಕಥನ ಸಾಹಿತ್ಯ, ಸಮಾಜಶಾಸ್ತ್ರವಲ್ಲ ಎಂದು ಬದಿಗಿಡುವುದಾದರೆ, ನೆನಪಿನಿಂದ ಬರೆದ ರಾಂಪುರವನ್ನೂ ಬದಿಗಿಡಬೇಕಾಗುತ್ತದೆ. ಎರಡನ್ನೂ ಇಟ್ಟುಕೊಂಡು, ಯಾವುದು ಯಾವ ಬಗೆಯ ಸಾಕ್ಷ್ಯ ಎಂದು ಬರೆಯುವುದೇ ನ್ಯಾಯ. ಲಿಂಗಾಯತ ಪರಂಪರೆಯ ವಿಷಯದಲ್ಲೂ ಹೀಗೆಯೇ. ಶ್ರೀನಿವಾಸ್ ಅದನ್ನು ಕೆಳಜಾತಿಗಳ ಸಂಸ್ಕೃತೀಕರಣಕ್ಕೆ ಒದಗಿದ ಶಕ್ತಿಯಾಗಿ ಕಂಡರು. 12ನೇ ಶತಮಾನದ ವಚನಗಳನ್ನು ಮೂಲದಲ್ಲಿ ಓದಬಲ್ಲ ಕನ್ನಡದ ವಿದ್ಯಾರ್ಥಿಗೆ, ಶ್ರೇಣಿಯನ್ನೇ ಪ್ರಶ್ನಿಸಿದ ಚಳವಳಿಯನ್ನು ಶ್ರೇಣಿ ಏರುವ ಸಾಧನವೆಂದು ಕರೆಯುವುದು ಎಷ್ಟು ಸರಿ ಎಂದು ಕೇಳುವ ಹಕ್ಕೂ ಸಾಮರ್ಥ್ಯವೂ ಇದೆ. ಆ ಸಾಮರ್ಥ್ಯವನ್ನು ಗ್ರಂಥಸೂಚಿ ಕೇಳದಿದ್ದರೆ ಅದು ಪ್ರಬಂಧಕ್ಕೆ ಬರುವುದೇ ಇಲ್ಲ.

ಟಿಪ್ಪಣಿ ಬರೆಯುವುದು ನಮಗೆ ಹೊರಗಿನಿಂದ ಬಂದ ವಿದ್ಯೆ ಎಂಬ ಅಳುಕೂ ಬೇಕಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು (1907, 1919, 1929) ಕವಿಯ ಹೆಸರು, ಕಾಲ, ಕೃತಿ, ಕಾಲನಿರ್ಣಯಕ್ಕೆ ಆಧಾರ, ಕಾವ್ಯದ ಮಾದರಿ ಎಂದು ಕ್ರಮವಾಗಿ ದಾಖಲಿಸಿ, ಸಾಕ್ಷ್ಯ ಸಾಲದೆಡೆ ಊಹೆಯನ್ನು ಊಹೆಯೆಂದೇ ಹೇಳುವ ಶಿಸ್ತನ್ನು ಕಲಿಸಿದವು. ಸಮಾಜಶಾಸ್ತ್ರದಲ್ಲಿ ಬೇಕಾದದ್ದು ಇದೇ ಶಿಸ್ತು. ನಮ್ಮ ಪರಿಸ್ಥಿತಿಗೆ ತಕ್ಕಂತೆ ರೂಪದಲ್ಲಿ ಕೆಲವು ಮಾರ್ಪಾಡು ಅಗತ್ಯ. ಅಮೆರಿಕನ್ ಸಮಾಜಶಾಸ್ತ್ರ ಸಂಘದ ಪದ್ಧತಿ ಕುಲನಾಮವನ್ನು ಮೊದಲಿಟ್ಟು ವರ್ಷವನ್ನು ಪಕ್ಕದಲ್ಲಿಡುತ್ತದೆ. ಊರು ಮತ್ತು ತಂದೆಯ ಹೆಸರನ್ನು ಮೊದಲಕ್ಷರಗಳಾಗಿ ಇಟ್ಟುಕೊಳ್ಳುವ ನಮ್ಮ ಹೆಸರುಗಳಲ್ಲಿ ಕುಲನಾಮವೇ ಇರುವುದಿಲ್ಲ. ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಎಂಬಲ್ಲಿ ಶ್ರೀನಿವಾಸ್ ವ್ಯಕ್ತಿನಾಮ. ಯಾವ ಕ್ರಮವನ್ನಾದರೂ ಅನುಸರಿಸಲಿ, ಪೂರ್ತಿ ಒಂದೇ ಕ್ರಮವಿರಲಿ. ಮೂಲ ಪ್ರಕಟಣೆಯ ವರ್ಷವನ್ನೂ ಓದಿದ ಮುದ್ರಣದ ವರ್ಷವನ್ನೂ ಎರಡನ್ನೂ ಬರೆಯಲಿ, ಏಕೆಂದರೆ ಮರುಮುದ್ರಣದ ವರ್ಷ ನೋಡಿ 1952ರ ವಿಚಾರವನ್ನು ಈ ಶತಮಾನದ್ದೆಂದು ತಿಳಿಯುವುದು ಸಾಮಾನ್ಯ ತಪ್ಪು. ಅನುವಾದ ಓದಿದ್ದರೆ ಅನುವಾದಕರ ಹೆಸರು ಬರಲಿ. ರಾಂಪುರದಂಥ ಗುಪ್ತನಾಮಗಳಿದ್ದರೆ ಸೀಮೆ ಯಾವುದೆಂದು ಟಿಪ್ಪಣಿ ಹೇಳಲಿ, ಇಲ್ಲದಿದ್ದರೆ ಒಣಭೂಮಿಯ ಹಳ್ಳಿಯನ್ನು ನೀರಾವರಿಯ ಹಳ್ಳಿಯೊಡನೆ ತಿಳಿಯದೆ ಹೋಲಿಸುವಂತಾಗುತ್ತದೆ.

ಪದವಿ ವಿದ್ಯಾರ್ಥಿಗೆ ಶ್ರೀನಿವಾಸ್, ಅಂಬೇಡ್ಕರರಂಥವರನ್ನು ತೂಗುವ ಯೋಗ್ಯತೆ ಎಲ್ಲಿಂದ ಬಂತು ಎಂಬುದು ಹಲವು ಅಧ್ಯಾಪಕರ ಪ್ರಾಮಾಣಿಕ ಸಂಶಯ. ಬೆಲೆಕಟ್ಟು ಎಂದು ಒತ್ತಾಯಿಸಿದರೆ ಅವನು ಎಲ್ಲಿಂದಲೋ ಟೀಕೆಯ ವಾಕ್ಯಗಳನ್ನು ತಂದು ಅಂಟಿಸುತ್ತಾನೆ ಎಂಬ ಭಯವೂ ಸುಳ್ಳಲ್ಲ. ಆದರೆ ಬೆಲೆಕಟ್ಟುವುದೆಂದರೆ ತೀರ್ಪುಗಾರನ ಪೀಠ ಏರುವುದಲ್ಲ. ಈ ಅಧ್ಯಯನ ಯಾವ ವರ್ಷ ನಡೆಯಿತು, ಎಷ್ಟು ಕಾಲ ನಡೆಯಿತು, ಯಾರನ್ನು ಮಾತಾಡಿಸಿತು, ಯಾರನ್ನು ಬಿಟ್ಟಿತು, ಇದರ ನಂತರ ಏನು ಬದಲಾಯಿತು ಎಂಬ ಪ್ರಶ್ನೆಗಳಿಗೆ ಪುಸ್ತಕದ ಮುನ್ನುಡಿ ಮತ್ತು ವಿಧಾನದ ಅಧ್ಯಾಯವನ್ನು ಓದಿದ ಯಾರು ಬೇಕಾದರೂ ಉತ್ತರ ಬರೆಯಬಲ್ಲರು. ವಿದ್ವತ್ತಿನಲ್ಲಿ ಲೇಖಕರಿಗೆ ಸಮನಾಗಬೇಕಿಲ್ಲ, ಎಚ್ಚರದಿಂದ ಓದಿದರೆ ಸಾಕು. ಅಷ್ಟಲ್ಲದೆ, ಮಂಡ್ಯದ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಗೆ ನಾಲೆಯ ಸರದಿ, ಗದ್ದೆಯ ಕೂಲಿ, ಊರಹಬ್ಬದ ಮರ್ಯಾದೆಯ ಕ್ರಮ ತಿಳಿದಿರುತ್ತದೆ. ಆ ತಿಳಿವಳಿಕೆ ಪುಸ್ತಕವನ್ನು ತೂಗುವ ಕಲ್ಲಾಗಬಹುದು ಎಂದು ಅವಳಿಗೆ ಹೇಳಿಕೊಡುವುದು ಶಿಕ್ಷಣದ ಕರ್ತವ್ಯ. ವಿಮರ್ಶೆಯನ್ನು ಪಿಎಚ್.ಡಿ. ಹಂತಕ್ಕೆ ಮುಂದೂಡುತ್ತ ಹೋದರೆ ಒಪ್ಪಿಸುವ ಅಭ್ಯಾಸ ಅಷ್ಟರಲ್ಲಿ ಗಟ್ಟಿಯಾಗಿರುತ್ತದೆ.

ಮತ್ತೊಂದು ಆಕ್ಷೇಪ ಸೌಲಭ್ಯದ್ದು. ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನ ಗ್ರಂಥಾಲಯದಲ್ಲಿ ಈ ಪುಸ್ತಕಗಳಿರುವುದು ಅಪರೂಪ, ವಿದೇಶಿ ಪತ್ರಿಕೆಗಳ ಶುಲ್ಕ ಕೈಗೆಟುಕದು, ಇಂಗ್ಲಿಷ್ ಓದಿನ ತೊಡಕು ಬೇರೆ. ಇದನ್ನು ಅಲ್ಲಗಳೆಯಲಾಗದು. ಆದರೆ ಇದು ಗ್ರಂಥಸೂಚಿಯ ವಿರುದ್ಧದ ವಾದವಲ್ಲ, ಚಿಕ್ಕ ಗ್ರಂಥಸೂಚಿಯ ಪರವಾದ ವಾದ. ಓದದ ಮೂವತ್ತು ಪುಸ್ತಕಗಳ ಪಟ್ಟಿಗಿಂತ ಓದಿದ ಆರರ ಟಿಪ್ಪಣಿ ಹೆಚ್ಚು ಪ್ರಾಮಾಣಿಕ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ‘ಶೋಧಗಂಗಾ’ದಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು, ಕನ್ನಡದವೂ ಸೇರಿ, ಉಚಿತವಾಗಿ ಸಿಗುತ್ತವೆ. ಹಕ್ಕುಸ್ವಾಮ್ಯ ಮುಗಿದ ಹಳೆಯ ಜನಾಂಗ ಗ್ರಂಥಗಳು, ಗ್ಯಾಸೆಟಿಯರುಗಳು ಅಂತರಜಾಲದ ಸಾರ್ವಜನಿಕ ಭಂಡಾರಗಳಲ್ಲಿವೆ. 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಕನ್ನಡದಲ್ಲೇ ಸಂಶೋಧನ ಗ್ರಂಥಗಳನ್ನು ಹೊರತರುತ್ತ ಬಂದಿದೆ. ಒಂದು ತರಗತಿಯ ವಿದ್ಯಾರ್ಥಿಗಳು ತಲಾ ಎರಡು ಆಕರಗಳಿಗೆ ಟಿಪ್ಪಣಿ ಬರೆದು ಹಂಚಿಕೊಂಡು, ಮುಂದಿನ ವರ್ಷದವರು ಅದನ್ನು ತಿದ್ದಿ ಬೆಳೆಸಿದರೆ, ಕೆಲವೇ ವರ್ಷಗಳಲ್ಲಿ ಆ ತಾಲ್ಲೂಕಿನ ಸಮಾಜದ ಬಗ್ಗೆ ಬೇರೆಲ್ಲೂ ಸಿಗದ ಆಕರಕೋಶವೇ ಸಿದ್ಧವಾಗುತ್ತದೆ. ಸೌಲಭ್ಯ ಕಡಿಮೆಯಿರುವ ಕಡೆಯೇ ಈ ಹಂಚಿಕೆಯ ಲಾಭ ಹೆಚ್ಚು.

ಈಗ ಕೃತಕ ಬುದ್ಧಿಮತ್ತೆ ಕ್ಷಣದಲ್ಲಿ ಸಾರಾಂಶ ಬರೆದುಕೊಡುವಾಗ ಈ ಶ್ರಮವೇಕೆ ಎಂಬುದು ಹೊಸ ಆಕ್ಷೇಪ. ಸಾರಾಂಶವೊಂದೇ ಗುರಿಯಾಗಿದ್ದರೆ ಉತ್ತರ ಕಷ್ಟವಾಗುತ್ತಿತ್ತು. ಆದರೆ 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ, ಚಾಟ್‌ಜಿಪಿಟಿ ಸೃಷ್ಟಿಸಿದ ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ 5,000 ಡಾಲರ್ ದಂಡ ಹಾಕಿದ ಪ್ರಕರಣ ಎಚ್ಚರಿಕೆಯಾಗಬೇಕು. ವೃತ್ತಿನಿರತರೇ ಮೂಲವನ್ನು ತೆರೆಯದೆ ನಂಬಿದರು. ಇಂಥ ತಂತ್ರಾಂಶ ಇಲ್ಲದ ಪುಸ್ತಕಕ್ಕೂ ಸೊಗಸಾದ ಟಿಪ್ಪಣಿ ಬರೆಯಬಲ್ಲದು. ಕನ್ನಡದ ಸಂಶೋಧನ ಬರಹಗಳು ಅಂತರಜಾಲದಲ್ಲಿ ವಿರಳವಾಗಿರುವುದರಿಂದ ಕನ್ನಡ ಆಕರಗಳ ಬಗ್ಗೆ ಅದು ತಪ್ಪುವ ಸಾಧ್ಯತೆ ಇನ್ನೂ ಹೆಚ್ಚು. ಹುಡುಕಲು, ಪಟ್ಟಿ ಜೋಡಿಸಲು ಯಂತ್ರದ ನೆರವು ಪಡೆಯಲಿ. ಆದರೆ ಟಿಪ್ಪಣಿಯ ಪ್ರತಿ ಮಾತಿಗೂ ಪುಟಸಂಖ್ಯೆ ಕೊಡಬೇಕು ಮತ್ತು ಅದರ ಬಗ್ಗೆ ತರಗತಿಯಲ್ಲಿ ಐದು ನಿಮಿಷ ಬಾಯಿಮಾತಿನಲ್ಲಿ ಉತ್ತರಿಸಬೇಕು ಎಂಬ ನಿಯಮವಿದ್ದರೆ ಓದದೆ ಬರೆದ ಟಿಪ್ಪಣಿ ನಿಲ್ಲುವುದಿಲ್ಲ.

ಕೊನೆಯ ಆಕ್ಷೇಪ ನಮ್ಮ ಶಾಸ್ತ್ರದೊಳಗಿನಿಂದಲೇ ಬರುತ್ತದೆ. ಶ್ರೀನಿವಾಸ್ ಜೀವನವಿಡೀ ಪುಸ್ತಕದ ನೋಟಕ್ಕಿಂತ ಕ್ಷೇತ್ರದ ನೋಟ ಮುಖ್ಯ ಎಂದು ಹೇಳುತ್ತ ಬಂದರು, ಹಾಗಿರುವಾಗ ವಿದ್ಯಾರ್ಥಿಯನ್ನು ಗ್ರಂಥಾಲಯದಲ್ಲಿ ಕೂರಿಸುವುದು ಹಿನ್ನಡೆಯಲ್ಲವೇ? ಆದರೆ ಅವರು ಎಚ್ಚರಿಸಿದ್ದು ಧರ್ಮಗ್ರಂಥಗಳಲ್ಲಿ ಹೇಳಿದ ವರ್ಣವ್ಯವಸ್ಥೆಯನ್ನೇ ನಡೆಯುವ ಜಾತಿವ್ಯವಸ್ಥೆ ಎಂದು ತಿಳಿಯುವುದರ ವಿರುದ್ಧ. ಪುಸ್ತಕವನ್ನು ಪ್ರಶ್ನಿಸದೆ ನಂಬಬೇಡಿ ಎಂಬ ಆ ಎಚ್ಚರಿಕೆ ಅವರ ಪುಸ್ತಕಗಳಿಗೂ ಸಲ್ಲುತ್ತದೆ, ಟಿಪ್ಪಣಿ ಸಹಿತ ಗ್ರಂಥಸೂಚಿ ಮಾಡುವುದೂ ಅದನ್ನೇ. ಓದದೆ ಹಳ್ಳಿಗೆ ಹೋದವರು, ಬೇರೆಯವರು 1955ರಲ್ಲೇ ಕಂಡುಕೊಂಡದ್ದನ್ನು ಹೊಸದೆಂದು ತರುತ್ತಾರೆ. ವಿಚಾರಿಸದೆ ಓದಿ ಹೋದವರು ಪುಸ್ತಕದಲ್ಲಿದ್ದುದನ್ನೇ ಹಳ್ಳಿಯಲ್ಲೂ ಕಾಣುತ್ತಾರೆ. ಹಿಂದಿನವರು ಎಲ್ಲಿಗೆ ಹೋಗಲಿಲ್ಲ ಎಂದು ಬರೆದಿಟ್ಟುಕೊಂಡು ಹೋದವರಿಗೆ ಮಾತ್ರ ತಾವು ಎಲ್ಲಿಗೆ ಹೋಗಬೇಕೆಂದು ತಿಳಿದಿರುತ್ತದೆ.

ಕರ್ನಾಟಕದಲ್ಲಿ ಪದವಿ ವ್ಯಾಸಂಗದ ಚೌಕಟ್ಟು ಇತ್ತೀಚೆಗೆ ಎರಡು ಸಲ ಬದಲಾಯಿತು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಮಾದರಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿದೆವು. ವರ್ಷಗಳು ಎಷ್ಟೇ ಇರಲಿ, ಸಮಾಜಶಾಸ್ತ್ರದ ಪ್ರಬಂಧಕ್ಕೆ ಮುಂಚೆ ಎಂಟು ಹತ್ತು ಆಕರಗಳ ಟಿಪ್ಪಣಿ ಸಹಿತ ಗ್ರಂಥಸೂಚಿಯನ್ನು ಪ್ರತ್ಯೇಕ ಅಂಕಗಳೊಡನೆ ಕೇಳಬೇಕು. ಅವುಗಳಲ್ಲಿ ಕನಿಷ್ಠ ಮೂರು ಕನ್ನಡದವಾಗಿರಬೇಕು, ಒಂದಾದರೂ ವಿದ್ಯಾರ್ಥಿಯ ವಾದಕ್ಕೆ ವಿರುದ್ಧವಾದದ್ದಿರಬೇಕು, ಅಧ್ಯಾಪಕರು ಅದನ್ನು ಓದಿ ತಿದ್ದಿ ಮರಳಿಸಿದ ಮೇಲೆಯೇ ಪ್ರಶ್ನಾವಳಿ ಸಿದ್ಧವಾಗಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಅನುದಾನ ಬೇಕಿಲ್ಲ, ಅಧ್ಯಾಪಕರ ಸಮಯ ಬೇಕು. ಆ ಸಮಯವನ್ನು ವೇಳಾಪಟ್ಟಿಯಲ್ಲಿ ಗುರುತಿಸುವುದು ವಿಶ್ವವಿದ್ಯಾಲಯಗಳ ಹೊಣೆ. ನಮ್ಮ ಹಳ್ಳಿಗಳ ಬಗ್ಗೆ ಪ್ರಪಂಚ ಓದುವ ಗ್ರಂಥಗಳಲ್ಲಿ ಬಹುಪಾಲು ಬೇರೆಯವರಿಗಾಗಿ ಬೇರೆ ಭಾಷೆಯಲ್ಲಿ ಬರೆದವು. ಆ ಹಳ್ಳಿಗಳ ಮಕ್ಕಳು ಅವುಗಳನ್ನು ಓದಿ, ಇದು ನಿಜ, ಇದು ಆ ಕಾಲಕ್ಕೆ ನಿಜ, ಇದು ಒಂದು ಬೀದಿಗೆ ಮಾತ್ರ ನಿಜ ಎಂದು ಆಧಾರ ಕೊಟ್ಟು ಬರೆಯಲು ಶುರುಮಾಡಿದರೆ ಕನ್ನಡದ ಸಮಾಜಶಾಸ್ತ್ರಕ್ಕೆ ತನ್ನದೇ ಆದ ಪ್ರಶ್ನೆಗಳು ಸಿಗುತ್ತವೆ.